ಒಂಬತ್ತು, ಆಮೇಲೆ ಎಂಟು

ಮಾರ್ಚ್ 3, ಮಂಗಳವಾರ

ಅಣ್ಣನನ್ನು ಇವತ್ತು ಆಸ್ಪತ್ರೆಯಿಂದ ಕರೆತಂದೆವು. ಹೊತ್ತು ತಂದೆವು ಅನ್ನುವುದೇ ಸರಿ. ಆಂಬುಲೆನ್ಸಿನ ಇಬ್ಬರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ನಾನು ಹಿಂದಿನಿಂದ ಅವನ ಬಟ್ಟೆಯ ಚೀಲ ಮತ್ತು ಆ ಗಿಟಾರ್ ಪೆಟ್ಟಿಗೆ ಹಿಡಿದು ಬಂದೆ. ಅಪ್ಪ ಒಂದು ಕಾಲೆಳೆದುಕೊಂಡೇ ಜೀವನವಿಡೀ ಹತ್ತಿದ ಮೆಟ್ಟಿಲು. ಮಗನಿಗೆ ನಾಲ್ಕು ಕೈಗಳ ಪಲ್ಲಕ್ಕಿ.

ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿವೆ. ಬಾಯಿಯ ಎಡತುದಿ ಜೋತಿದೆ, ಮಾತು ಸ್ವಲ್ಪ ತೊದಲುತ್ತದೆ. ಕೊಂಕು ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ. ಹೊಸ್ತಿಲು ದಾಟುತ್ತಲೇ, "ಏನೇ ಪುಟ್ಟಿ, ಈ ಪರದೆ ಇನ್ನೂ ಬದಲಾಯಿಸಿಲ್ವಾ?" ಎಂದ. ಅಪ್ಪ ಹೋದಾಗಲೂ ಈ ಮನೆಗೆ ಬಾರದವನು, ಮೂವತ್ತೊಂದು ವರ್ಷದ ಮೇಲೆ ಬಂದು ಆಡಿದ ಮೊದಲ ಮಾತು ಪರದೆಯ ಮೇಲೆ. ನನಗೀಗ ಐವತ್ತನಾಲ್ಕು. ಪುಟ್ಟಿಯಂತೆ.

ಆರೈಕೆ ಮನೆಗೆ ಅರ್ಜಿ ಹಾಕಿದ್ದೇನೆ. ನಮಗಿಂತ ಮುಂದೆ ಹತ್ತು ಜನ ಇದ್ದಾರಂತೆ, ಮೂರು ತಿಂಗಳಾದರೂ ಆಗುತ್ತದೆ ಎಂದರು. ಅವನಿಗೂ ಹೇಳಿದೆ, ಮುಚ್ಚುಮರೆ ಯಾಕೆ? "ಒಳ್ಳೇದು, ಅಲ್ಲಿ ಪರದೆ ಚೆನ್ನಾಗಿರ್ಬಹುದು" ಎಂದ.

ಮೂರು ತಿಂಗಳು ಹಲ್ಲುಕಚ್ಚಿದರೆ ಆಯಿತು. ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳು ನಾನು, ಅಷ್ಟು ಮಾಡಬಲ್ಲೆ.

ಮಾರ್ಚ್ 9, ಸೋಮವಾರ

ವ್ಯಾಯಾಮ ಮಾಡಿಸುವ ಮೇಡಂ ಬಂದಿದ್ದರು. ವಾರಕ್ಕೆ ಮೂರು ದಿನ ಬರುತ್ತಾರೆ. ಗಟ್ಟಿ ಹೆಂಗಸು. ಅವನ ಎಡಗೈಯನ್ನು ಎತ್ತಿ, ಮಡಚಿ, ಬೆರಳು ಬೆರಳನ್ನೂ ಬಿಡಿಸಿ ನೋಡಿ, "ಕಾಲು ಬರುತ್ತೆ. ಕೈ ವಿಷಯ ನಾನು ಹೇಳಲ್ಲ" ಎಂದರು. ಹೇಳಿದಂತೆಯೇ ಆಯಿತಲ್ಲ.

ಅವರು ಹೋದಮೇಲೆ ಗಿಟಾರ್ ಪೆಟ್ಟಿಗೆ ತೆಗೆ ಎಂದ. ತೆಗೆದೆ. ಅದೇ ಹಳೆಯ ಕೆಂಪು ಗಿಟಾರ್, ಬಣ್ಣ ಅಲ್ಲಲ್ಲಿ ಕಿತ್ತು ಮರ ಕಾಣುತ್ತದೆ. ಅವನಿಗೆ ಹದಿನೆಂಟಾಗಿದ್ದಾಗ ಯಾರಿಂದಲೋ ತಂದದ್ದು. ಅದು ಕಣ್ಣಿಗೆ ಬಿದ್ದರೆ ಸಾಕು, ಅಪ್ಪ ಸಿಡಿಯುತ್ತಿದ್ದರು. ಸಂಜೆ ಆರಕ್ಕೆ ಅವರು ಬೈಂಡಿಂಗ್ ಅಂಗಡಿಯಿಂದ ಬರುವ ಮೊದಲು ಅದು ಮಂಚದಡಿ ಸೇರಬೇಕಿತ್ತು. ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತು "ಅಣ್ಣಾ, ಬಂದ್ರು" ಎಂದು ಎಚ್ಚರಿಸುವ ಕೆಲಸ ನನ್ನದು. ಎಷ್ಟು ವರ್ಷ ಕಾವಲು ಕಾದೆ! ಅವನು ದೊಡ್ಡವನಾಗಿ ಬ್ಯಾಂಡು ಕಟ್ಟಿಕೊಂಡು ಊರೂರು ತಿರುಗಿದ, ನಾನು ಕಾವಲಿನಲ್ಲೇ ಉಳಿದೆ.

ಬಲಗೈಯಿಂದ ಒಂದು ತಂತಿ ಮೀಟಿದ. ಎಡಗೈ ಇಲ್ಲದೆ ಆ ತಂತಿ ಒಂದೇ ಸ್ವರ ನುಡಿಯಿತು. ಮತ್ತೆ ಮೀಟಿದ, ಅದೇ ಸ್ವರ. ಹತ್ತು ನಿಮಿಷ ಅದನ್ನೇ ಮಾಡುತ್ತ ಕೂತಿದ್ದ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಮಾರ್ಚ್ 15, ಭಾನುವಾರ

ಒಂದು ಹುಚ್ಚು ಕೆಲಸಕ್ಕೆ ಒಪ್ಪಿದ್ದೇನೆ.

ಬ್ಯಾಂಡಿನವರು ಪ್ರತಿ ಕಾರ್ಯಕ್ರಮದ ಕೊನೆಗೆ ಒಂದು ಹಾಡು ಬಾರಿಸುತ್ತಿದ್ದರಂತೆ. ಅಣ್ಣನೇ ಕಟ್ಟಿದ್ದು. ಹಾಡು ಅನ್ನುವುದು ಹೆಸರಿಗೆ, ಪದವೇ ಇಲ್ಲ, ಬರೀ ಗಿಟಾರ್ ಮತ್ತು ಡ್ರಮ್. ಎಲ್ಲೂ ಸರಿಯಾಗಿ ರೆಕಾರ್ಡ್ ಆಗಿಲ್ಲ, ಬರೆದಿಟ್ಟಿಲ್ಲ. "ಅದೊಂದನ್ನ ಇನ್ನೊಂದ್ಸಲ ಕೇಳ್ಬೇಕು ಪುಟ್ಟಿ. ನನ್ನ ಬಲಗೈ ಇದೆ. ನಿನ್ನ ಎಡಗೈ ಕೊಡು" ಎಂದ.

"ನಿನ್ನ ಗದ್ದಲಕ್ಕೆ ನನ್ನ ಕೈ ಯಾಕೆ?"

"ಆರೈಕೆ ಮನೇಲಿ ಯಾರ ಕೈನೂ ಸಿಗಲ್ಲ. ಅದಕ್ಕೆ."

ಹೀಗೆ ಹೇಳಿದರೆ ಏನು ಮಾಡುವುದು? ಹೇಗೂ ಮೂರು ತಿಂಗಳು, ಹೊತ್ತು ಹೋಗಲಿ ಎಂದು ಒಪ್ಪಿದೆ.

ಕೂರುವುದೇ ಒಂದು ಸಾಹಸ. ಗಿಟಾರಿನ ಹೊಟ್ಟೆ ಅವನ ತೊಡೆಯ ಮೇಲೆ. ನಾನು ಅವನ ಎಡಕ್ಕೆ ಸ್ಟೂಲಿನ ಮೇಲೆ. ಗಿಟಾರಿನ ಕತ್ತು ನನ್ನೆದೆಯ ಮುಂದೆ ಬರುತ್ತದೆ, ಅದರ ಮೇಲಿನ ಲೋಹದ ಪಟ್ಟಿಗಳ ನಡುವೆ ನನ್ನ ಎಡಗೈ ತಂತಿ ಒತ್ತಬೇಕು, ಆ ಕಡೆ ಅವನು ಪಿಕ್ ಎಂಬ ಪ್ಲಾಸ್ಟಿಕ್ ಚೂರು ಹಿಡಿದು ಮೀಟಬೇಕು. ನನ್ನ ಬಲಗೈ ಎಲ್ಲಿಡುವುದು ಎಂದೇ ತಿಳಿಯಲಿಲ್ಲ. ಎಲ್ಲಿಟ್ಟರೂ ಅಡ್ಡ. ಕೊನೆಗೆ ಅವನ ಬೆನ್ನ ಹಿಂದಿನಿಂದ ಹಾಕಿ ಕುರ್ಚಿಯ ಆ ಬದಿ ಹಿಡಿದೆ. ಅವನ ಬೆನ್ನು ಎಷ್ಟು ಸಣ್ಣಗಾಗಿದೆ.

ಮಾರ್ಚ್ 22, ಭಾನುವಾರ

ಈ ಮನುಷ್ಯನಿಗೆ ತನ್ನ ಹಾಡೇ ಗೊತ್ತಿಲ್ಲ! ಯಾವ ತಂತಿ, ಎಷ್ಟನೇ ಪಟ್ಟಿ ಎಂದರೆ ಕಣ್ಣು ಕಣ್ಣು ಬಿಡುತ್ತಾನೆ. "ಕೈಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ" ಎನ್ನುತ್ತಾನೆ. ಆ ಕೈಯೋ, ದಿಂಬಿನ ಮೇಲೆ ಮಲಗಿದೆ, ಕೇಳಿದರೆ ಹೇಳುವುದಿಲ್ಲ. ಹಾಗಾಗಿ ನಾನು ಒಂದೊಂದೇ ಜಾಗ ಒತ್ತುತ್ತ ಹೋಗುವುದು, ಅವನು "ಅಲ್ಲ… ಅಲ್ಲ… ಹತ್ತಿರ ಬಂತು… ಹಾಂ, ಅದೇ!" ಎನ್ನುವುದು. ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ಹುಡುಕಿದ ಹಾಗೆ. ಎರಡು ಗಂಟೆ ಹುಡುಕಿದ್ದಕ್ಕೆ ನಾಲ್ಕು ಸ್ವರ ಸಿಕ್ಕವು.

ಆರಂಭದ ಭಾಗದಲ್ಲಿ ನನ್ನ ಕೈಗೆ ಮೂರೇ ಕೆಲಸ: ಒತ್ತು, ಸಡಿಲಿಸು, ಒತ್ತು. ಸಡಿಲಿಸಿದಾಗ ಬೆರಳು ತಂತಿಯ ಮೇಲೇ ಇರಬೇಕು, ಆಗ ಅವನು ಗೀರಿದರೆ ಸ್ವರ ಬರದೆ ಬರೀ 'ಸರ್' ಎಂಬ ಸದ್ದು ಬರುತ್ತದೆ. ಇದನ್ನು ಒಂಬತ್ತು ಸಲ ಮಾಡಿ, ನಿಲ್ಲಬೇಕು. ಆಮೇಲೆ ಎಂಟು ಸಲ. ಒಂಬತ್ತು ಯಾಕೆ, ಎಂಟು ಯಾಕೆ ಎಂದು ಕೇಳಿದೆ.

"ಲೆಕ್ಕ ಹಾಕ್ಬೇಡ, ಕೇಳಿಸ್ಕೋ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

ಬ್ಯಾಂಡಿನ ಒಂದು ಕಾರ್ಯಕ್ರಮಕ್ಕೂ ಹೋಗದ ನನ್ನನ್ನು ಹಂಗಿಸುವ ಪರಿ ಇದು.

ಏಪ್ರಿಲ್ 2, ಗುರುವಾರ

ಬೆರಳ ತುದಿಗಳು ಬೆಂದಂತೆ ಉರಿಯುತ್ತಿವೆ. ಬಟ್ಟೆ ಹಿಂಡಲೂ ಆಗಲಿಲ್ಲ. ಯಾರು ಹೇಳಿದ್ದರು ನನಗೆ ಇದನ್ನೆಲ್ಲ ಮಾಡು ಎಂದು.

ಏಪ್ರಿಲ್ 11, ಶನಿವಾರ

ಗುಡುಗಣ್ಣ ಬಂದಿದ್ದ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು, ಆ ಹೆಸರು ಅಣ್ಣನೇ ಇಟ್ಟದ್ದು. ಈಗ ಹೊಟ್ಟೆ ಬಂದಿದೆ, ಒಂದು ಮಂಡಿ ಸವೆದಿದೆ. ಜೊತೆಗೆ ಆಂಪ್ ತಂದ. ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ. ಕೆಳಗಿನ ಅಂಗಡಿಯವನು ಅದನ್ನು ಮೇಲೆ ತಂದುಕೊಟ್ಟ.

ಇಬ್ಬರೂ ಸೇರಿ ನನಗೊಂದು ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಯನ್ನೂ ತೋರಿಸಿದರು. ಅಣ್ಣ ಬಲಗಾಲಿನಿಂದ ಅದನ್ನೊತ್ತಿದ. ನಾವು ಸಂಪಾದಿಸಿಕೊಂಡಿದ್ದ ಏಳೆಂಟು ಸ್ವರಗಳು ಒಮ್ಮೆಲೇ ಮುರಿದ ಗಾಜಿನಂತೆ ಕರ್ಕಶವಾಗಿ, ದಪ್ಪವಾಗಿ ಹೊರಬಿದ್ದವು. ನಾನು ಬೆಚ್ಚಿ ಕೈ ತೆಗೆದೆ. ಗುಡುಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಒಂಬತ್ತು-ಎಂಟರ ಮಾತು ತೆಗೆದರೆ ಅವನಿಗೆ ಈಗಲೂ ಸಿಟ್ಟು. "ಮೂವತ್ತು ವರ್ಷ ಬೇಡ್ಕೊಂಡಿದ್ದೀನಿ ತಂಗಿ. ಎಂಟು, ಎಂಟು ಮಾಡೋ ಪುಣ್ಯಾತ್ಮ, ನನ್ನ ಕೈ ಉಳೀಲಿ ಅಂತ. ಜಗತ್ತಲ್ಲಿ ಯಾವನಾದ್ರೂ ಒಂಬತ್ತಕ್ಕೆ ನಿಲ್ಲಿಸ್ತಾನಾ? ಪ್ರತೀ ಸಲ ನಾನು ಹತ್ತನೇದೂ ಬಾರಿಸಿಬಿಡ್ತಿದ್ದೆ, ಇವನು ನಿಂತಿರ್ತಿದ್ದ. ಸಾವಿರ ಜನದ ಮುಂದೆ ಮಾನ ಹೋಗ್ತಿತ್ತು."

ಅಣ್ಣ, "ಅಲ್ಲಿ ನಿಲ್ಲಲೇಬೇಕು" ಎಂದ, ಅಷ್ಟೇ.

ಏಪ್ರಿಲ್ 20, ಸೋಮವಾರ

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸ ವಾಪಸು ಬಂತು.

ಕಳೆದ ವಾರ ನಾನು ಮಾಡಿಕೊಟ್ಟ ಕೆಳದವಡೆಯ ಹಲ್ಲಿನ ಸೆಟ್ಟು. ಹಾಕಿಕೊಂಡ ಮುದುಕಿಗೆ ವಸಡು ಗಾಯವಾಗಿ ಮೂರು ದಿನ ಊಟ ಮಾಡಿಲ್ಲವಂತೆ. ಅಂಚಿನಲ್ಲಿ ಒಂದು ಮುಳ್ಳು ಉಳಿದಿತ್ತು, ಅಕ್ಕಿಯ ನುಚ್ಚಿಗಿಂತ ಚಿಕ್ಕದು. ಲ್ಯಾಬಿನ ಯಜಮಾನರು ಅದನ್ನು ಮೇಜಿನ ಮೇಲಿಟ್ಟು ಬೈಯಲೂ ಇಲ್ಲ. "ನೀವು ನೋಡಿ ಬಿಟ್ಟದ್ದು ಅಂತ ನಾನು ಮತ್ತೆ ನೋಡ್ಲಿಲ್ಲ" ಎಂದರು. ಬೈದಿದ್ದರೆ ವಾಸಿಯಿತ್ತು.

ತಪ್ಪು ಎಲ್ಲಾಯಿತೆಂದು ನನಗೆ ಗೊತ್ತು. ಪಾಲಿಶ್ ಮುಗಿದಮೇಲೆ ಅಂಚನ್ನೆಲ್ಲ ನಾನು ಎಡಗೈ ತೋರುಬೆರಳಿನಿಂದ ಸವರಿ ನೋಡುತ್ತೇನೆ. ಕಣ್ಣಿಗೆ ಕಾಣದ್ದು ಆ ಬೆರಳಿಗೆ ಸಿಗುತ್ತಿತ್ತು. ಈಗ ಅಲ್ಲಿ ಜಡ್ಡುಗಟ್ಟಿದೆ. ಮುಳ್ಳಿನ ಮೇಲೇ ಬೆರಳಾಡಿಸಿದ್ದೇನೆ, ನುಣುಪಾಗಿದೆ ಅನ್ನಿಸಿದೆ.

ಮನೆಗೆ ಬಂದು ಅವನ ಮುಂದೆ ಕೈ ಚಾಚಿ, "ನೋಡು, ನಿನ್ನ ಹಾಡು ನನ್ನ ಅನ್ನಕ್ಕೆ ಕಲ್ಲು ಹಾಕ್ತಿದೆ" ಎಂದು ಕೂಗಾಡಿದೆ. ಅವನು ನನ್ನ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. "ಬಿಟ್ಬಿಡೋಣ ಪುಟ್ಟಿ" ಎಂದ. ಆಮೇಲೆ ಗೋಡೆಯ ಕಡೆ ತಿರುಗಿ ಕೂತ.

ಏಪ್ರಿಲ್ 21, ಮಂಗಳವಾರ

ಬಲಗೈ ತೋರುಬೆರಳಿನಿಂದ ಅಂಚು ನೋಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ನಿಧಾನ, ಆದರೆ ಸಿಗುತ್ತದೆ. ಮುದುಕಿಯ ಮನೆಗೆ ಹೋಗಿ ಹೊಸ ಸೆಟ್ಟು ಕೊಟ್ಟು ಕ್ಷಮೆ ಕೇಳಿ ಬಂದೆ.

ಸಂಜೆ ಬಂದು ಸ್ಟೂಲು ಎಳೆದುಕೊಂಡು ಕೂತೆ. "ಏನು ನೋಡ್ತೀಯ, ಮೀಟು" ಎಂದೆ.

ಮೇ 3, ಭಾನುವಾರ

ಅಳುವ ಭಾಗ ಎಂದು ನಾನು ಹೆಸರಿಟ್ಟಿರುವ ಜಾಗಕ್ಕೆ ಬಂದಿದ್ದೇವೆ. ತಂತಿಯನ್ನು ಒತ್ತಿ ಹಿಡಿದು ಹಾಗೇ ಮೇಲಕ್ಕೆ ತಳ್ಳಬೇಕು, ಸ್ವರ ಗಂಟಲು ಕಟ್ಟಿದವರ ದನಿಯಂತೆ ಏರುತ್ತದೆ. ನನ್ನ ಉಂಗುರದ ಬೆರಳಿಗೆ ಅಷ್ಟು ಬಲವಿಲ್ಲ. ಇಪ್ಪತ್ತು ಸಲ ತಪ್ಪಿತು. "ಅಳು ಬರ್ತಿಲ್ಲ, ಬಿಕ್ಕಳಿಕೆ ಬರ್ತಿದೆ" ಎಂದು ಅವನು ಅಣಕಿಸಿದ.

ನನಗೆ ಸಿಟ್ಟು ಎಲ್ಲಿತ್ತೋ, ಬಂದುಬಿಟ್ಟಿತು. "ಅಳೋದು ನಿನಗೇನು ಗೊತ್ತು? ಅಪ್ಪ ಹೋದಾಗ ನಾನೊಬ್ಬಳೇ ನಿಂತು ಕಳಿಸಿಕೊಟ್ಟೆ. ಮಗ ಎಲ್ಲಿ, ಮಗ ಎಲ್ಲಿ ಅಂತ ಕೇಳಿದವರಿಗೆಲ್ಲ ಉತ್ತರ ಹೇಳಿದ್ದು ನಾನು. ನಿನಗೆ ಆವತ್ತು ಕಾರ್ಯಕ್ರಮ ಇತ್ತಲ್ಲ" ಎಂದೆ.

ಅವನು ಪಿಕ್ಕನ್ನು ತೊಡೆಯ ಮೇಲಿಟ್ಟ. ಆಮೇಲೆ, "ಬಂದಿದ್ದೆ. ಎರಡು ದಿನ ಬಿಟ್ಟು ಬಂದಿದ್ದೆ. ಕೆಳಗೆ ಬಾಗಿಲ ತನಕ" ಎಂದ.

"ಮೇಲೆ ಬರೋಕೇನಾಗಿತ್ತು?"

"ಮೆಟ್ಟಿಲು ಹತ್ತೋಕಾಗ್ಲಿಲ್ಲ."

ಕುಡಿದಿದ್ದಿರಬೇಕು. ಇಪ್ಪತ್ತೊಂಬತ್ತರ ಗಂಡಸಿಗೆ ಹದಿನೇಳು ಮೆಟ್ಟಿಲು ಹತ್ತಲು ಇನ್ನೇನು ಅಡ್ಡಿ?

ಮೇ 10, ಭಾನುವಾರ

ವಾರದಿಂದ ಗಿಟಾರ್ ಮುಟ್ಟಿಲ್ಲ. ಅವನೂ ಕೇಳಿಲ್ಲ. ಇವತ್ತು ಬಟ್ಟೆ ಮಡಚುವಾಗ ನೋಡಿದೆ, ಅವನ ಬಲಗೈ ಹೊದಿಕೆಯ ಮೇಲೆ ತನ್ನಷ್ಟಕ್ಕೆ ಮೀಟುತ್ತಿತ್ತು. ಪಕ್ಕದಲ್ಲಿ ಎಡಗೈ ಸುಮ್ಮನೆ ಬಿದ್ದಿತ್ತು.

ಸ್ಟೂಲು ತಂದೆ.

ಮೇ 14, ಗುರುವಾರ

ವ್ಯಾಯಾಮದ ಮೇಡಂ ಅವನನ್ನು ಮೊದಲ ಸಲ ಕೆಳಗಿಳಿಸಿ ಮತ್ತೆ ಹತ್ತಿಸಿದರು. ನಾನು ಅಡುಗೆಮನೆಯಲ್ಲಿದ್ದೆ. ಒಳ್ಳೆಯ ಕಾಲು ಮೊದಲು, ಅದರ ಹಿಂದೆ ಎಳೆದ ಕಾಲು, ಆಮೇಲೆ ಕೋಲು. ಅಪ್ಪ ಹತ್ತುತ್ತಿದ್ದುದೂ ಹಾಗೆಯೇ, ಚಿಕ್ಕಂದಿನಲ್ಲಿ ಕಾಲು ಮುರಿದು ಗಿಡ್ಡವಾಗಿತ್ತು. ತಿರುವಿನಲ್ಲಿ ಮೇಡಂ, "ಸಾಕು, ಇಲ್ಲಿ ನಿಂತು ಉಸಿರು ತಗೊಳ್ಳಿ" ಎಂದದ್ದು ಕೇಳಿಸಿತು. ನನ್ನ ಬಾಯಿಗೆ ಬಂದ ಮಾತನ್ನು ಹೇಗೋ ನುಂಗಿಕೊಂಡೆ. ಸೂಪು ತಳ ಹಿಡಿದು ಪಾತ್ರೆ ಕಪ್ಪಾಯಿತು, ಎರಡು ಸಲ ತಿಕ್ಕಿದರೂ ಹೋಗಿಲ್ಲ.

ಬಾಗಿಲಲ್ಲಿ ಬೆವರಿ ನಿಂತಿದ್ದ. ಮುಖದಲ್ಲಿ ಗೆದ್ದವನ ನಗು, ಅರ್ಧ ಮುಖದಲ್ಲಿ.

ಮೇ 29, ಶುಕ್ರವಾರ

ಮೂರನೇ ತಂತಿ ತುಕ್ಕು ಹಿಡಿದಿದೆ, ಬೆರಳಿಗೆ ಕಪ್ಪು ಅಂಟುತ್ತದೆ, ಅದೇ ಬೆರಳಲ್ಲಿ ಲ್ಯಾಬಿನ ಮೇಣ ಮುಟ್ಟಿದರೆ ಮೇಣ ಕೊಳೆ. ಹೊಸ ತಂತಿ ತರಲು ಗುಡುಗಣ್ಣನಿಗೆ ಹೇಳಬೇಕು, ಹೋದ ಸಲ ತಂದದ್ದು ಸಣ್ಣ ಗಾತ್ರದ್ದಾಯಿತು, ಅವನಿಗೆ ಚೀಟಿ ಬರೆದುಕೊಡದಿದ್ದರೆ ಆಗುವುದಿಲ್ಲ. ಆರೈಕೆ ಮನೆಯಿಂದ ಫೋನು ಬಂದಿತ್ತು, ಹಾಸಿಗೆ ಖಾಲಿಯಾಗಿದೆ ಎಂದು. ಮುಂದಿನವರಿಗೆ ಕೊಡಿ ಎಂದೆ. ಅಳುವ ಭಾಗ ಇನ್ನೂ ಮುಗಿದಿಲ್ಲ, ಈಗ ಹೇಗೆ ಕಳಿಸುವುದು. ಪರದೆಗೆ ಬಟ್ಟೆ ನೋಡಿ ಬಂದೆ. ನೀಲಿ ಚೆನ್ನಾಗಿದೆ.

ಜೂನ್ 7, ಭಾನುವಾರ

ಬಂತು! ಇಡೀ ಹಾಡು, ಆರಂಭದಿಂದ ಕೊನೆಯವರೆಗೆ, ತಪ್ಪಿಲ್ಲದೆ!

ಬೆಳಗ್ಗೆ ಹನ್ನೊಂದಕ್ಕೆ ಕೂತೆವು. ಗುಡುಗಣ್ಣ ಕುಕ್ಕರಿನ ಮುಚ್ಚಳ, ಹಳೆ ಬಿಸ್ಕತ್ತಿನ ಡಬ್ಬ, ಸೂಟ್‌ಕೇಸು ಎಲ್ಲ ಜೋಡಿಸಿಕೊಂಡು ಡ್ರಮ್ಮಿನ ಕೋಲು ಹಿಡಿದಿದ್ದ. ಒಂಬತ್ತು ಮುಗಿಸಿ ನಿಂತೆವು. ಗುಡುಗಣ್ಣ ಯಥಾಪ್ರಕಾರ ಹತ್ತನೆಯದನ್ನೂ ಬಾರಿಸಿ ನಾಲಿಗೆ ಕಚ್ಚಿಕೊಂಡ. ನಾವು ನಗಲಿಲ್ಲ, ನಕ್ಕರೆ ಕೈ ತಪ್ಪುತ್ತದೆ. ಎಂಟು. ಆಮೇಲೆ ಆ ಅಳುವ ಭಾಗ. ಉಂಗುರದ ಬೆರಳಿಗೆ ಮಧ್ಯದ ಬೆರಳನ್ನೂ ಜೊತೆ ಮಾಡಿ ತಳ್ಳಿದೆ. ಸ್ವರ ಏರಿತು, ಏರಿ ನಿಂತಿತು, ನಡುಗಿತು. ಅವನ ಬೆನ್ನ ಹಿಂದಿದ್ದ ನನ್ನ ಬಲಗೈಗೆ ಅವನ ಉಸಿರು ತಡೆದದ್ದು ತಿಳಿಯಿತು. ಅವನು ಎಲ್ಲಿ ಮೀಟುತ್ತಾನೆಂದು ನಾನು ನೋಡಲೇ ಇಲ್ಲ, ನನಗೆ ಮೊದಲೇ ಗೊತ್ತಾಗುತ್ತಿತ್ತು. ಒಬ್ಬಳೇ ಬಾರಿಸಿದ ಹಾಗೆ, ಒಬ್ಬನೇ ಬಾರಿಸಿದ ಹಾಗೆ.

ಮುಗಿದಮೇಲೆ ಆಂಪ್ ಒಂದು ಸಲ ಗೊರಗುಟ್ಟಿ ಸತ್ತಿತು. ಸ್ಪೀಕರು ಹರಿದಿದೆಯಂತೆ. ಗುಡುಗಣ್ಣ ರಿಪೇರಿಗೆ ಒಯ್ದಿದ್ದಾನೆ. ಅದು ಬಂದಮೇಲೆ ಫೋನಿನಲ್ಲಿ ಸರಿಯಾಗಿ ರೆಕಾರ್ಡ್ ಮಾಡೋಣ, ಅವಸರವೇನಿದೆ.

ಅಣ್ಣ ಅತ್ತ. ನಾನು ಅಳಲಿಲ್ಲ, ಟೀ ಮಾಡಲು ಹೋದೆ. ಅಲ್ಲಿ ಅತ್ತೆ.

ಜೂನ್ 18, ಗುರುವಾರ

ಎರಡು ಸಲ ಪಿಕ್ ಅವನ ಕೈಯಿಂದ ಜಾರಿತು. ಬೆರಳು ಜೋಮು ಹಿಡಿದಂತಿದೆ ಎಂದ. ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ಇನ್ನೊಂದು ಸಲ ಪಾರ್ಶ್ವವಾಯು ಹೊಡೆಯಬಹುದೆಂದು ನನ್ನನ್ನು ಹೊರಗೆ ಕರೆದು ಹೇಳಿದರು. ಹಾಗೆಲ್ಲ ಎಲ್ಲರಿಗೂ ಹೇಳುತ್ತಾರೆ.

ಜೂನ್ 21, ಭಾನುವಾರ

"ಬಲಗೈಯದ್ದೂ ಕಲ್ತುಬಿಡು ಪುಟ್ಟಿ" ಎಂದ.

"ನನ್ನ ಬಲಗೈ ಕೆಲಸಕ್ಕೆ ಬೇಕು. ಅದನ್ನೂ ಹಾಳು ಮಾಡ್ಕೊಳ್ಳೋಕೆ ನಾನು ತಯಾರಿಲ್ಲ."

"ಪಿಕ್ ಹಿಡಿಯೋಕೆ ಜಡ್ಡು ಬರಲ್ಲ ಕಣೇ. ಬರೀ ಎಡಗೈ ಇಟ್ಕೊಂಡು ಏನು ಮಾಡ್ತೀಯ?"

"ನೀನಿದ್ದೀಯಲ್ಲ."

"ಇರ್ತೀನಾ?"

"ಎಲ್ಲಿಗೆ ಹೋಗ್ತೀಯ? ಮೆಟ್ಟಿಲು ಇಳಿಯೋಕೇ ನಿನಗೆ ಅರ್ಧ ಗಂಟೆ ಬೇಕು."

ನಕ್ಕ. ನಾನೂ ನಕ್ಕೆ. ಹೊಸ ಪರದೆ ಹಾಕಿದ್ದನ್ನು ಇನ್ನೂ ಗಮನಿಸಿಲ್ಲ ಎಂದು ಬೈದೆ. ಗಮನಿಸಿದ್ದನಂತೆ. ಹಳೆಯದೇ ಚೆನ್ನಾಗಿತ್ತಂತೆ.

ಜೂನ್ 26, ಶುಕ್ರವಾರ

ಅಣ್ಣ ಹೋದ. ಬುಧವಾರ ಬೆಳಗ್ಗೆ. ನಾನು ಲ್ಯಾಬಿನಲ್ಲಿದ್ದೆ.

ಜುಲೈ 5, ಭಾನುವಾರ

ಗುಡುಗಣ್ಣನೂ ನಾನೂ ನಿಂತು ಕಳಿಸಿಕೊಟ್ಟೆವು. ಮಗ ಎಲ್ಲಿ ಎಂದು ಕೇಳುವವರು ಈ ಸಲ ಯಾರೂ ಇರಲಿಲ್ಲ.

ಅವನ ಬಟ್ಟೆ ಒಗೆದು ಮಡಚಿಟ್ಟೆ, ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿದ್ದೇನೆ. ವ್ಯಾಯಾಮದ ಮೇಡಂ ಸೋಮವಾರ ಗೊತ್ತಿಲ್ಲದೆ ಬಂದುಬಿಟ್ಟರು. ಬಾಗಿಲಲ್ಲೇ ನಿಂತು ನನ್ನ ಕೈ ಹಿಡಿದು ಅತ್ತರು. ನಾನೇ ಅವರನ್ನು ಸಮಾಧಾನ ಮಾಡಿ ನೀರು ಕೊಟ್ಟೆ.

ಇವತ್ತು ಸ್ಟೂಲಿನ ಮೇಲೆ ಕೂತು ಗಿಟಾರನ್ನು ಅವನ ಖಾಲಿ ಕುರ್ಚಿಯ ಮೇಲೆ ಒರಗಿಸಿ, ಎಡಗೈ ಅದರ ಜಾಗದಲ್ಲಿಟ್ಟೆ. ಮೀಟುವವರಿಲ್ಲದೆ ಬರೀ ಒತ್ತುತ್ತ ಹೋದೆ. ಜೋರಾಗಿ ಒತ್ತಿದರೆ ತಂತಿ ಪಟ್ಟಿಗೆ ತಾಗಿ ಒಂದು ಚಿಕ್ಕ ಸದ್ದು ಬರುತ್ತದೆ. ಕಿವಿ ಹತ್ತಿರ ತಂದರೆ ಮಾತ್ರ ಕೇಳುತ್ತದೆ. ಹಾಗೆಯೇ ಕೊನೆಯವರೆಗೂ ಹೋದೆ. ಅರ್ಧ ಹಾಡು ನನ್ನ ಕೈಯಲ್ಲಿದೆ, ಇನ್ನರ್ಧ ಅವನ ಜೊತೆ ಹೋಯಿತು.

ಕಲಿ ಎಂದಿದ್ದ. ಮೂರು ದಿನವಿತ್ತು. ಕಲಿಯಲಿಲ್ಲ.

ಜುಲೈ 12, ಭಾನುವಾರ

ಜಡ್ಡು ಸುಲಿಯುತ್ತಿದೆ. ತೋರುಬೆರಳಿನಿಂದ ಒಂದು ಸಿಪ್ಪೆಯೇ ಎದ್ದು ಬಂತು. ಲ್ಯಾಬಿಗೆ ಇದು ಒಳ್ಳೆಯದೇ. ನಾನು ಆ ಸಿಪ್ಪೆಯನ್ನು ಎಸೆಯಲಾರದೆ ಸುಮಾರು ಹೊತ್ತು ಹಿಡಿದುಕೊಂಡಿದ್ದೆ. ಈಗ ದಿನವೂ ಒತ್ತುತ್ತಿದ್ದೇನೆ, ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಜಡ್ಡು ಹೋಗಬಾರದೆಂದು.

ಬಲಗೈಯಲ್ಲಿ ಪಿಕ್ ಹಿಡಿದು ನೋಡಿದೆ. ಎಷ್ಟು ಜೋರು, ಎಷ್ಟು ಬಿಡುವು, ಯಾವುದೂ ಹೊಂದುವುದಿಲ್ಲ. ಅಷ್ಟು ದಿನ ಪಕ್ಕದಲ್ಲಿ ಕೂತು ನಾನು ನನ್ನ ಬೆರಳನ್ನೇ ನೋಡಿಕೊಂಡಿದ್ದೆ. ಅವನ ಕೈಯನ್ನು ಒಂದು ದಿನವಾದರೂ ಸರಿಯಾಗಿ ನೋಡಬಾರದಿತ್ತೇ? ಗುಡುಗಣ್ಣನಿಗೆ ಫೋನು ಮಾಡಿ ಕೇಳಿದೆ. "ನಾನು ಡ್ರಮ್ಮಿನ ಹಿಂದೆ ಕೂತಿರ್ತಿದ್ದೆ ತಂಗಿ, ನನಗೆ ಕಾಣ್ತಿದ್ದದ್ದು ಅವನ ಬೆನ್ನು" ಎಂದ.

ನನ್ನ ಕೈಗೆ ಗೊತ್ತಿದ್ದದ್ದು ಅವನ ಬೆನ್ನೇ.

ಜುಲೈ 19, ಭಾನುವಾರ

ನಿಧಾನವಾಗಿ ಬರೆಯುತ್ತೇನೆ.

ಆಂಪ್ ರಿಪೇರಿಯಾಗಿದೆ, ತರುತ್ತೇನೆ ಎಂದು ಗುಡುಗಣ್ಣ ಹೇಳಿದ್ದ. ನನಗೆ ಅದು ಬೇಡವಾಗಿತ್ತು, ಆದರೂ ಬರಲಿ ಎಂದೆ. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಸ್ಟೂಲಿನ ಮೇಲೆ ಗಿಟಾರ್ ಹಿಡಿದು ಕೂತಿದ್ದೆ. ಭಾನುವಾರವಾದ್ದರಿಂದ ಕೆಳಗಿನ ಅಂಗಡಿ ಮುಚ್ಚಿತ್ತು. ಆ ಹಟಮಾರಿ ತಾನೊಬ್ಬನೇ ಅಷ್ಟು ದೊಡ್ಡ ಪೆಟ್ಟಿಗೆ ಹೊತ್ತು ಹತ್ತತೊಡಗಿದ. ಸವೆದ ಮಂಡಿ ಬೇರೆ. ಒಳ್ಳೆಯ ಕಾಲು ಮೇಲಿಟ್ಟ, ಧಡ್. ನೋವಿನ ಕಾಲನ್ನು ಎಳೆದುಕೊಂಡ, ಸರ್. ಪೆಟ್ಟಿಗೆಯನ್ನು ಎತ್ತಿ ಮೆಟ್ಟಿಲ ಮೇಲೆ ಊರಿದ, ಟಕ್.

ಧಡ್, ಸರ್, ಟಕ್. ಧಡ್, ಸರ್, ಟಕ್.

ನನ್ನ ಎಡಗೈ ತಾನಾಗಿ ಹೊರಟಿತು. ಒತ್ತು, ಸಡಿಲಿಸು, ಒತ್ತು. ನಾನು ಏನೂ ಮಾಡಲಿಲ್ಲ, ಅದೇ ಹೊರಟಿತು. ಮೂರು, ನಾಲ್ಕು, ಐದು. ಅವನ ಪ್ರತಿ ಹೆಜ್ಜೆಗೂ ನನ್ನ ಬೆರಳು ಸರಿಯಾಗಿ ಬೀಳುತ್ತಿತ್ತು. ಎಂಟು. ಒಂಬತ್ತು. ತಿರುವು ಬಂತು. ಗುಡುಗಣ್ಣ ನಿಂತ. ಅವನು ಏದುಸಿರು ಬಿಡುವುದು ಕೇಳಿಸುತ್ತಿತ್ತು. ನನ್ನ ಕೈಯೂ ನಿಂತಿತು.

ಒಂಬತ್ತು ಮೆಟ್ಟಿಲು, ತಿರುವು, ಎಂಟು ಮೆಟ್ಟಿಲು. ಹುಟ್ಟಿದಾಗಿನಿಂದ ಹತ್ತುತ್ತಿದ್ದೇನೆ, ಹದಿನೇಳು ಎಂದು ಗೊತ್ತು, ಎಲ್ಲಿ ತಿರುಗುತ್ತದೆ ಎಂದು ಎಣಿಸಿರಲಿಲ್ಲ. ಅಣ್ಣ ಎಣಿಸಿದ್ದ. ಮಂಚದ ಮೇಲೆ ಗಿಟಾರ್ ಹಿಡಿದು ಕೂತು, ಅಪ್ಪನ ಕಾಲು, ಎಳೆದ ಕಾಲು, ಕೋಲು ಎಂದು ದಿನ ದಿನವೂ ಎಣಿಸಿದ್ದ. ಆ ತಿರುವಿನಲ್ಲಿ ಅಪ್ಪ ಉಸಿರಿಗೆ ನಿಲ್ಲುವಷ್ಟು ಹೊತ್ತಿನಲ್ಲೇ ಗಿಟಾರ್ ಮಂಚದಡಿ ಸೇರುತ್ತಿತ್ತು. ಉಸಿರಿಗೇ ನಿಲ್ಲುತ್ತಿದ್ದರೋ, ಬಚ್ಚಿಟ್ಟುಕೊಳ್ಳಲಿ ಎಂದು ನಿಲ್ಲುತ್ತಿದ್ದರೋ, ಈಗ ಯಾರನ್ನು ಕೇಳಲಿ?

ಅವನು ಕುಡಿದಿರಲಿಲ್ಲ. ಕೆಳಗೆ ನಿಂತು, ಹತ್ತುವ ಸದ್ದು ಇನ್ನೆಂದೂ ಬಾರದ ಆ ಮೆಟ್ಟಿಲನ್ನು ಹತ್ತಲಾರದೆ ಹಿಂದೆ ಹೋಗಿದ್ದ. ಹೋಗಿ ಆ ಹಾಡು ಕಟ್ಟಿದ್ದ. ಮೂವತ್ತು ವರ್ಷ ಊರೂರಲ್ಲಿ, ಪ್ರತಿ ಕಾರ್ಯಕ್ರಮದ ಕೊನೆಗೆ, ಅಪ್ಪನನ್ನು ಮನೆಗೆ ಹತ್ತಿಸುತ್ತಿದ್ದ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಎಂದಿದ್ದ. ನಾನು ಅದನ್ನು ಕೊಂಕು ಎಂದುಕೊಂಡೆ.

ಗುಡುಗಣ್ಣ ಬಾಗಿಲಲ್ಲಿ ಬಂದು ನಿಂತು, "ಯಾಕೆ ತಂಗಿ, ಏನಾಯ್ತು?" ಎಂದ. ನಾನು ಅಳುತ್ತಿದ್ದೆನಂತೆ. ಮೆಟ್ಟಿಲಿನ ಕಡೆ ಕೈ ತೋರಿಸಿ, "ಒಂಬತ್ತು. ಆಮೇಲೆ ಎಂಟು. ನಮ್ಮಪ್ಪ" ಎಂದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಹಿಂದಕ್ಕೆ ಹೋಗಿ ಮೆಟ್ಟಿಲು ಬಗ್ಗಿ ನೋಡಿದ, ತುಟಿ ಆಡಿಸುತ್ತ ಎಣಿಸಿದ. ಬಂದು ಆಂಪಿನ ಮೇಲೆ ಕುಸಿದು ಕೂತ. "ಎಂಟು ಮಾಡೋ ಅಂತ ಪ್ರಾಣ ತಿಂದ್ನಲ್ಲಮ್ಮಾ ನಾನು" ಎಂದ.

ಸ್ವಲ್ಪ ಹೊತ್ತಾದಮೇಲೆ ಅವನೇ ಎದ್ದು ವೈರು ಚುಚ್ಚಿದ. ನಾನು ಸ್ಟೂಲು ಬಿಟ್ಟು ಅಣ್ಣನ ಕುರ್ಚಿಯಲ್ಲಿ ಕೂತೆ. ಗಿಟಾರ್ ತೊಡೆಯ ಮೇಲೆ. ಬಲಗೈಯಲ್ಲಿ ಪಿಕ್. ಏನನ್ನೂ ಲೆಕ್ಕ ಹಾಕಲಿಲ್ಲ. ಅಪ್ಪ ಕೆಳಗಿನ ಬಾಗಿಲು ತೆರೆದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು, ನಾನು ಮೀಟಿದೆ.

ಕಿಟಕಿಯ ಗಾಜು ನಡುಗಿತು. ಗುಡುಗಣ್ಣ ಬಿಸ್ಕತ್ತಿನ ಡಬ್ಬದ ಮೇಲೆ ಜೊತೆಯಾದ. ಒಂದೊಂದೇ ಮೆಟ್ಟಿಲು. ಏಳು, ಎಂಟು, ಒಂಬತ್ತು.

ನಿಂತೆ. ಗುಡುಗಣ್ಣನೂ ನಿಂತ, ಈ ಸಲ ತಪ್ಪಲಿಲ್ಲ. ಮನೆ ನಿಶ್ಶಬ್ದವಾಯಿತು. ನನ್ನ ಬಾಯಿಂದ ತಾನಾಗಿಯೇ ಬಂತು, ಮೆಲ್ಲಗೆ, ಒಳಕೋಣೆಯ ಮಂಚಕ್ಕೆ ಮಾತ್ರ ಕೇಳುವಷ್ಟು.

"ಅಣ್ಣಾ, ಬಂದ್ರು."

ಆಮೇಲೆ ಉಳಿದ ಎಂಟನ್ನೂ ಬಾರಿಸಿದೆವು.